ಫಕೀರಪ್ಪನ ಗುಳಿಗೆಗೆ ಬಿದ್ದ ತಡೆ

ದಿನಕ್ಕೆ ಏಳೆಂಟು ಮಾತ್ರೆ ನುಂಗಿ ಬೇಸತ್ತವರಿಗೆ, ಬೆಳಿಗ್ಗೆ ಒಂದೇ ಒಂದು ಗುಳಿಗೆ ಸಾಕು, ಎಲ್ಲ ಅದರೊಳಗೇ ಇದೆ ಎಂದು ಒಂದು ಪೆಟ್ಟಿಗೆ ಹೇಳಿದರೆ ಯಾರು ಬೇಡವೆನ್ನುತ್ತಾರೆ? ನಮ್ಮ ಜಿಲ್ಲೆಯಲ್ಲಂತೂ ಯಾರೂ ಅನ್ನಲಿಲ್ಲ. ಗುಳಿಗೆ ಪೆಟ್ಟಿಗೆ ಬಂದ ಮೊದಲ ವರ್ಷ ಜನ ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರು. ಊದುಬತ್ತಿಯ ಬೂದಿ ಒಳಗೆ ಬಿದ್ದು ಕೆಟ್ಟ ಪೆಟ್ಟಿಗೆಗಳನ್ನು ಬಿಚ್ಚಿ ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

ನನ್ನ ಹೆಸರು ಮಕ್ತುಮ್. ಹಾವೇರಿ ಜಿಲ್ಲೆಯ ಗುಳಿಗೆ ಪೆಟ್ಟಿಗೆಗಳ ರಿಪೇರಿಯವನು. ಯಂತ್ರವೆಂದರೆ ಮಹಾ ಮಾಯೆ ಎಂದುಕೊಂಡವರಿಗೆ ಅದರ ಹೊಟ್ಟೆಯೊಳಗೆ ಏನಿದೆಯೆಂದು ನಾನು ಚಹಾ ಮುಗಿಯುವುದರೊಳಗೆ ಹೇಳಬಲ್ಲೆ. ರೋಗಿಯ ಮುಂಗೈಗೆ ಒಂದು ಕಡಗ. ಅದು ಬೆವರಿನಲ್ಲಿರುವ ಲವಣಗಳನ್ನು, ಮೈಯಲ್ಲಿ ನಿಂತ ನೀರನ್ನು, ರಕ್ತದೊತ್ತಡವನ್ನು, ಎದೆಬಡಿತವನ್ನು ಹಗಲಿರುಳು ಅಳೆಯುತ್ತದೆ. ಮನೆಯ ಗೂಡಿನಲ್ಲಿ ಕೂತ ಪೆಟ್ಟಿಗೆಯ ಒಳಗೆ ಔಷಧದ ಪುಡಿ ತುಂಬಿದ ಕೊಳವೆಗಳು. ಯಾವ ಔಷಧ, ಎಷ್ಟರಿಂದ ಎಷ್ಟರವರೆಗೆ ಎಂದು ಡಾಕ್ಟರು ಮಿತಿ ಹಾಕಿಕೊಡುತ್ತಾರೆ. ಆ ಮಿತಿಯೊಳಗೆ ಪೆಟ್ಟಿಗೆಯು ಕಡಗದ ಮಾತು ಕೇಳಿ ಆ ದಿನದ ಗುಳಿಗೆಯನ್ನು ಒತ್ತಿ ಇಡುತ್ತದೆ.

ಒತ್ತಿ ಇಡುತ್ತದೆ ಅಷ್ಟೇ, ಕೈಗೆ ಕೊಡುವುದಿಲ್ಲ. ಹಾವೇರಿಯ ಕಾವಲು ಕೋಣೆಯಲ್ಲಿ ಕೂತ ಫಾರ್ಮಸಿಸ್ಟ್ ಒಬ್ಬರು ಆ ಗುಳಿಗೆಯ ಲೆಕ್ಕ ನೋಡಿ ಸೈ ಎಂದ ಮೇಲೆಯೇ ಪೆಟ್ಟಿಗೆಯ ಬಾಯಿ ತೆರೆಯಬೇಕು. ಅದು ಕಾನೂನು. ಅನುಮಾನ ಬಂದರೆ ಅವರು ‘ತಡೆ’ ಹಾಕಬಹುದು. ಆದರೆ ಅನುಮಾನಕ್ಕೆ ಆಯುಸ್ಸು ಕಡಿಮೆ. ಮರುದಿನ ಬೆಳಗಾಗುವುದರೊಳಗೆ ಕಾರಣ ಹೇಳದಿದ್ದರೆ ತಡೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಈ ಕಾನೂನನ್ನು ನೋಡಿ ನಕ್ಕವರು ಬಹಳ. ಎಲ್ಲವನ್ನೂ ಅಳೆಯುವ ಯಂತ್ರ ಇರುವಾಗ ಅದರ ಬಾಗಿಲಲ್ಲಿ ಇವರು ಯಾಕೆ ಎಂದು ನನ್ನ ಸ್ವಂತ ಅಳಿಯನೇ ಕೇಳಿದ್ದಾನೆ. ಔಷಧದಂಗಡಿಯಲ್ಲಿ ಚೀಟಿ ನೋಡಿ ಮಾತ್ರೆಯ ಪಟ್ಟಿ ಕತ್ತರಿಸಿ ಕೊಡುವವರು ಎಂದಷ್ಟೇ ಈ ಜನರನ್ನು ತಿಳಿದವರಿಗೆ ನಾನು ದಾಕ್ಷಾಯಿಣಿ ಹಾವನೂರರ ಕಥೆ ಹೇಳುತ್ತೇನೆ. ಅಳಿಯನಿಗೂ ಹೇಳಿದೆ. ಆಮೇಲೆ ಅವನು ಆ ಪ್ರಶ್ನೆ ಕೇಳಿಲ್ಲ.

ದಾಕ್ಷಾಯಿಣಿ ಮೇಡಂ ಕಾವಲು ಕೋಣೆಯ ಹಿರಿಯ ಫಾರ್ಮಸಿಸ್ಟ್. ದೊಡ್ಡಾಸ್ಪತ್ರೆಯ ಔಷಧ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದವರು. ಮಾತು ಮೆತ್ತಗೆ, ಹಟ ಮಾತ್ರ ಕಲ್ಲು. ಆ ದಿನ ಬೆಳಿಗ್ಗೆ ನಾನು ಕೋಣೆಗೆ ಕಾಲಿಟ್ಟ ಕೂಡಲೇ ಕರೆದರು.

“ಮಕ್ತುಮ್, ಇಲ್ಲೆ ಬಾ. ನಿನ್ನ ಪೆಟ್ಟಿಗಿ ಏನ್ ಹೇಳಾಕತ್ತೈತಿ ನೋಡು.”

ಪರದೆಯ ಮೇಲೆ ಬ್ಯಾಡಗಿಯ ಫಕೀರಪ್ಪ ಸವಣೂರರ ಗೆರೆಗಳಿದ್ದವು. ಫಕೀರಪ್ಪನವರು ನನಗೆ ಗೊತ್ತು, ಆ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸವಾಲು, ಅಂದರೆ ಹರಾಜು, ಕೂಗುವವರು. ಪರದೆಯ ಮೇಲೆ ದರ ಒತ್ತುವ ಪದ್ಧತಿ ಬಂದು, ಹಳತಾಗಿ, ಹೋಗಿ, ಮತ್ತೆ ಬಾಯಿಂದ ಕೂಗುವುದೇ ಬಂದಿತ್ತು. ಯಾಕೆಂದರೆ ಎದುರಿಗೆ ನಿಂತು ಕಾಲೆಳೆಯುವ ಮನುಷ್ಯನಿಲ್ಲದಿದ್ದರೆ ವ್ಯಾಪಾರಿಯ ಕೈ ಮೇಲೇಳುವುದಿಲ್ಲವೆಂದು ಎಲ್ಲರಿಗೂ ತಿಳಿದುಹೋಗಿತ್ತು. ಫಕೀರಪ್ಪನವರ ಗಂಟಲಿಗೆ ರೈತರು ಕೈ ಮುಗಿಯುತ್ತಿದ್ದರು. ಆದರೆ ಗಂಟಲಿನ ಕೆಳಗಿದ್ದ ಹೃದಯ ಸೊರಗಿತ್ತು.

ಅವರ ಗುಳಿಗೆಯಲ್ಲಿ ಮುಖ್ಯವಾಗಿ ಎರಡು ಔಷಧ. ಒಂದು ಎದೆಬಡಿತವನ್ನು ಗಟ್ಟಿ ಮಾಡುವುದು. ಇನ್ನೊಂದು ಮೈಯಲ್ಲಿ ನಿಂತ ನೀರನ್ನು ಇಳಿಸುವುದು. ಕೆಲವು ದಿನಗಳಿಂದ ಕಡಗವು ಮೈಯಲ್ಲಿ ನೀರು ತುಂಬುತ್ತಿದೆ, ಒತ್ತಡ ಏರುತ್ತಿದೆ ಎನ್ನುತ್ತಿತ್ತು. ಪೆಟ್ಟಿಗೆ ನೀರಿಳಿಸುವ ಔಷಧವನ್ನು ಏರಿಸುತ್ತ ಹೋಗಿ ಮಿತಿಯ ಗೋಡೆಗೆ ತಲೆ ತಾಗಿಸಿಕೊಂಡು ನಿಂತಿತ್ತು. ಈಗ ಮಿತಿ ಏರಿಸಿಕೊಡಿ ಎಂದು ಡಾಕ್ಟರನ್ನು ಕೇಳುತ್ತಿತ್ತು. ಮೇಡಂ ತಡೆ ಹಾಕಿದ್ದರು.

ದೊಡ್ಡಾಸ್ಪತ್ರೆಯ ಹೃದಯ ವೈದ್ಯ ಡಾ. ಅಶ್ವತ್ಥ ಜಾಲಿಹಾಳ ಪರದೆಯ ಇನ್ನೊಂದು ಮೂಲೆಯಲ್ಲಿ ಮುಖ ತೋರಿಸಿದರು.

“ಮೇಡಂ, ತಡೆ ಹಾಕೀರಿ. ಕಾಲು ಬಾತಾವು. ನೀರು ಇಳಿಸದಿದ್ರ ನಾಳೆ ನಾಡಿದ್ದು ಶ್ವಾಸಕೋಶ ತುಂಬ್ತದ. ಗೊತ್ತದ ಅಲ್ಲ ನಿಮಗ?”

“ಗೊತ್ತೈತಿ ಸರ್. ಆದ್ರ ನೀರು ಇಳಿಸಿದಂಗೆಲ್ಲ ಅವರ ಮೈಯಾಗಿನ ಪೊಟ್ಯಾಸಿಯಂ ಸೋರಿ ಹೋಗಾಕತ್ತೈತಿ. ಪೆಟ್ಟಿಗಿ ತುಂಬಿಕೊಟ್ರೂ ನಿಲ್ಲವಲ್ದು. ಅದು ಇನ್ನೂ ಇಳೀತಂದ್ರ ಬಡಿತದ ಔಷಧನ ಅವರಿಗೆ ವಿಷ ಆಗತೈತಿ. ಎದಿ ತಾಳ ತಪ್ಪಿ ನಿಂತ ಬಿಡತೈತಿ.”

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಆ ಕಡೆ ಹೋದ್ರೂ ಕಷ್ಟ, ಈ ಕಡೆ ಹೋದ್ರೂ ಕಷ್ಟ. ಇವತ್ತೊಂದು ದಿನ ತಡೆ ಇರಲಿ. ನಾಳೆ ಮುಂಜಾನಿ ನನಗೊಂದು ಕಾರಣ ಕೊಡ್ರಿ. ಇಲ್ಲಂದ್ರ ಮಿತಿ ಏರಸಲೇಬೇಕಾಗ್ತದ. ಮನುಷ್ಯಾ ನೀರಾಗ ಮುಳುಗೋದನ್ನ ನೋಡ್ತ ಕೂಡ್ಲಿಕ್ಕೆ ನನಗ ಆಗೂದಿಲ್ಲ.”

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವರು ಹೋದ ಮೇಲೆ ಮೇಡಂ ಹಳೆಯ ಗೆರೆಗಳನ್ನು ತೆಗೆದು ತೋರಿಸಿದರು. ಹೋದ ತಿಂಗಳು ಫಕೀರಪ್ಪನವರು ಇದೇ ಕಾರಣಕ್ಕೆ ಆಸ್ಪತ್ರೆ ಸೇರಿದ್ದರು. ವಾರ್ಡಿನಲ್ಲಿ ಗೆರೆಗಳೆಲ್ಲ ದಿನದಿನಕ್ಕೆ ಮೆತ್ತಗಾಗಿ ನೆಟ್ಟಗಾಗಿದ್ದವು. ಮನೆಗೆ ಬಂದು ಸ್ವಲ್ಪ ದಿನಕ್ಕೇ ಮತ್ತೆ ಹಳೇ ಚಾಳಿ.

“ಅದೇ ಮನುಷ್ಯಾ, ಅದೇ ಗುಳಿಗಿ. ವಾರ್ಡಿನಾಗ ಚಲೋ, ಮನ್ಯಾಗ ಕೆಟ್ಟ. ಏನಂತೀ?”

“ಪೆಟ್ಟಿಗಿ ಕೆಟ್ಟಿಲ್ರಿ ಮೇಡಂ,” ಅಂದೆ ನಾನು, ಸ್ವಲ್ಪ ಬಿಗುವಿನಿಂದಲೇ. “ಹೋದ ವಾರ ನಾನ ಹೋಗಿ ಹೊಸಾದು ಇಟ್ಟು ಬಂದೀನಿ. ಅದರ ಗುಳಿಗಿ ಒಡದು ಪರೀಕ್ಷಾ ಮಾಡಿಸೀನಿ. ಕೂದಲೆಳಿ ಅಷ್ಟೂ ವ್ಯತ್ಯಾಸ ಇಲ್ಲ.”

“ನಿನ್ನ ಪೆಟ್ಟಿಗಿ ಮ್ಯಾಲೆ ನನಗ ಸಂಶಯ ಇಲ್ಲೋ ಮಾರಾಯಾ. ಅದು ಕಂಡದ್ದಕ್ಕ ಔಷಧ ಕೊಡಾಕತ್ತೈತಿ. ಕಾಣದ್ದು ಒಂದು ಐತಿ. ಏನೋ ಒಂದು ಆ ಮನುಷ್ಯಾನ ಮೈಯಾಗ ನೀರು ಹಿಡದು ಪೊಟ್ಯಾಸಿಯಂ ಹೊರಗ ದಬ್ಬಾಕತ್ತೈತಿ. ಪೆಟ್ಟಿಗಿ ಅದನ್ನ ರೋಗ ಅಂತ ತಿಳದು ಮತ್ತೊಂದು ಔಷಧ ಏರಸತೈತಿ. ಆ ಔಷಧ ಮತ್ತೊಂದು ತೊಂದರಿ ತರತೈತಿ. ಹಿಂಗ ಬೆನ್ನು ಹತ್ತಿದ್ರ ಕಡೀಕ ಔಷಧನ ಕೊಲ್ಲತೈತಿ.” ಅವರು ಎದ್ದು ಚೀಲ ಹೆಗಲಿಗೆ ಹಾಕಿದರು. “ಗಾಡಿ ತೆಗಿ. ಬ್ಯಾಡಗಿಗೆ ಹೋಗೂಣು.”

ಕಾವಲು ಕೋಣೆಯವರು ಹೊರಗೆ ಹೋಗುವ ರೂಢಿ ಆಗ ಇರಲಿಲ್ಲ. ಪ್ರಶ್ನೆ ಕೇಳುವ ಕೆಲಸವನ್ನೂ ಪೆಟ್ಟಿಗೆಗೇ ವಹಿಸಲಾಗಿತ್ತು. ಬೇರೆ ಮಾತ್ರೆ, ಕಷಾಯ, ಸೊಪ್ಪು, ಪುಡಿ ಏನಾದರೂ ಸೇವಿಸುತ್ತೀರಾ ಎಂದು ಅದು ವಾರಕ್ಕೊಮ್ಮೆ ಹೆಂಗಸಿನ ದನಿಯಲ್ಲಿ ಕೇಳುತ್ತಿತ್ತು. ಫಕೀರಪ್ಪನವರು ಪ್ರತಿ ಸಲವೂ ಇಲ್ಲ ಎಂದಿದ್ದರು.

ಮನೆಯಲ್ಲಿ ಅವರ ಹೆಂಡತಿ ಹೊನ್ನವ್ವ ಒಬ್ಬರೇ ಇದ್ದರು. ನಮ್ಮನ್ನು ಕಂಡ ಕೂಡಲೇ ಅವರ ಮುಖ ಕಪ್ಪಿಟ್ಟಿತು. ಔಷಧದವರು ಮನೆಯ ತನಕ ಬಂದರೆ ಒಳ್ಳೆಯ ಸುದ್ದಿ ಇರುವುದಿಲ್ಲವೆಂದು ತಿಳಿದಿರಬೇಕು.

“ಇವತ್ತ ಗುಳಿಗಿ ಬರಲಿಲ್ರೀ. ಪೆಟ್ಟಿಗಿ ಕೆಂಪ ದೀಪಾ ಹಚ್ಚಿಕೊಂಡು ಕುಂತೈತಿ. ಗುಳಿಗಿ ಇಲ್ಲದ ಹ್ಯಾಂಗ್ರಿ ಇನ್ನ?”

“ಅದನ್ನ ನಾನ ನಿಲ್ಲಿಸೀನಿ ಹೊನ್ನವ್ವಾರ. ಹೆದರಬ್ಯಾಡ್ರಿ. ಸ್ವಲ್ಪ ಅಡಿಗಿಮನಿ ತೋರಸ್ತೀರೇನು?”

ಮೇಡಂ ಅಡುಗೆಮನೆಯಲ್ಲಿ ಕೂತ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ತಪಾಸಣೆಗೆ ಬಂದ ಅಧಿಕಾರಿಯ ಗತ್ತು ಇಲ್ಲ. ನೆಲದ ಮೇಲೆ ಕೂತು, ಹೊನ್ನವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತ, ಉಪ್ಪಿನಕಾಯಿ ಭರಣಿ ಯಾರದು, ಹಪ್ಪಳ ಯಾರು ತಿನ್ನುತ್ತಾರೆ, ಮೊಣಕಾಲು ನೋವಿಗೆ ಏನು ಹಚ್ಚುತ್ತೀರಿ, ಹೊಟ್ಟೆ ಉಬ್ಬರಿಸಿದರೆ ಏನು ಕೊಡುತ್ತೀರಿ ಎಂದು ಮಾತಿಗೆ ಮಾತು ಜೋಡಿಸಿದರು. ಹೊನ್ನವ್ವ ಒಂದೊಂದಕ್ಕೂ ಉತ್ತರ ಕೊಟ್ಟರು. ಉಪ್ಪಿನಕಾಯಿ ಅವರದು, ಗಂಡನಿಗೆ ಮುಟ್ಟಿಸುವುದಿಲ್ಲ. ಗಂಡನಿಗೆ ಬೇರೆ ಸಾರು, ಅದಕ್ಕೆ ಉಪ್ಪಿಲ್ಲ. ಮೊಣಕಾಲಿಗೆ ಎಳ್ಳೆಣ್ಣೆ. ಮನೆಯಲ್ಲಿ ಬೇರೆ ಮಾತ್ರೆ ಒಂದೂ ಇಲ್ಲ.

ಹೇಳುತ್ತ ಹೇಳುತ್ತ ಹೊನ್ನವ್ವನ ದನಿ ಒಡೆಯಿತು. “ನಾ ಏನ್ ತಪ್ಪ್ ಮಾಡೀನ್ರಿ ಮೇಡಮ್ಮಾರ? ದವಾಖಾನ್ಯಾಗ ಇದ್ದಾಗ ಚಲೋ ಆಕ್ಕಾರ. ನನ್ನ ಕೈಯಾಗಿನ ಅನ್ನಾ ಉಂಡ ಕೂಡ್ಲೆ ಕಾಲ ಬಾಯತಾವು. ಓಣ್ಯಾಗಿನ ಹೆಂಗಸರು ಏನ್ ಅಂತಾರ ಗೊತ್ತೈತೇನ್ರಿ? ಉಪ್ಪು ಹಾಕ್ತಾಳ, ಸುಳ್ಳ ಹೇಳ್ತಾಳ ಅಂತಾರ.”

ಮೇಡಂ ಅವರ ಕೈ ಹಿಡಿದುಕೊಂಡರು. “ನಿಮ್ಮ ಅಡಿಗಿ ತಪ್ಪಿಲ್ಲ. ಕಡಗದಾಗ ಉಪ್ಪಿನ ಲೆಕ್ಕ ಕಾಣತೈತಿ ನನಗ. ನಿಮ್ಮಷ್ಟು ಚೊಕ್ಕ ಪಥ್ಯ ಮಾಡೂ ಮನಿ ಈ ಜಿಲ್ಲಾದಾಗ ಭಾಳ ಇಲ್ಲ. ಎಲ್ಲಿ ಅದಾರ ನಿಮ್ಮನಿಯವ್ರು?”

ಹೊನ್ನವ್ವ ಸೆರಗಿನಿಂದ ಮೂಗು ಒರೆಸಿಕೊಂಡರು. “ಮತ್ತೆಲ್ರೀ, ಮಾರ್ಕೆಟ್ಟಿನಾಗ. ಮಲಕೋರಿ ಅಂದ್ರ ಕೇಳಂಗಿಲ್ಲ.”

ನಾವು ಮೂವರೂ ಹೊರಟೆವು. ಮಾರುಕಟ್ಟೆಯ ಬಾಗಿಲಲ್ಲೇ ಘಾಟು ಬಂದು ಮುಖಕ್ಕೆ ಬಡಿಯಿತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಆ ಮಾತು ಮೂಗಿಗೆ ಯಾರೂ ಹೇಳಿದಂತಿಲ್ಲ. ಕಣ್ಣು ಹಾಯುವಷ್ಟು ದೂರ ಕೆಂಪು ರಾಶಿಗಳು, ಅವುಗಳ ನಡುವೆ ಮೂಗಿಗೆ ವಸ್ತ್ರ ಕಟ್ಟಿಕೊಂಡ ಹಮಾಲರು, ವ್ಯಾಪಾರಿಗಳು. ವಸ್ತ್ರ ಕಟ್ಟಿಕೊಳ್ಳದವರು ಒಬ್ಬರೇ. ಬಾಯಿ ಮುಚ್ಚಿಕೊಂಡರೆ ಕೂಗುವುದು ಹೇಗೆ?

ಫಕೀರಪ್ಪನವರು ರಾಶಿಯೊಂದರ ಪಕ್ಕ ಗೋಣಿಚೀಲದ ಮೇಲೆ ನಿಂತಿದ್ದರು. ಬಾತ ಕಾಲು ಚಪ್ಪಲಿಯ ಪಟ್ಟಿಯಿಂದ ಹೊರಗೆ ಉಬ್ಬಿತ್ತು. ಆದರೆ ದನಿ! ಅಂಥ ಮೈಯಿಂದ ಅಂಥ ದನಿ ಹೇಗೆ ಹೊರಟೀತು ಎಂದು ನಾನು ಬೆರಗಾದೆ.

“ಏನ್ ಸಾಹುಕಾರ್ರ, ಈ ಬಣ್ಣಾ ನೋಡಿ ನಿಮ್ಮನಿ ಅಕ್ಕಾರು ಸೀರಿ ಅಂತ ಉಟ್ಕೊಂಡ ಬಿಟ್ಟಾರು! ಅಷ್ಟಕ್ಕ ಕೈ ಮಡಚಿದ್ರ ಹ್ಯಾಂಗ? ಏರಿಸ್ರಿ, ಏರಿಸ್ರಿ!”

ಸುತ್ತಲಿನವರು ನಕ್ಕರು. ಸಾಹುಕಾರರು ನಾಚಿ ಕೈ ಎತ್ತಿದರು. ರಾಶಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ರೈತ ದಂಪತಿಗಳ ಮುಖ ಅರಳಿತು. ಮೇಡಂ ನೋಡುತ್ತ ನಿಂತರು. ಆಮೇಲೆ ಘಾಟು ತನ್ನ ಕೆಲಸ ಮಾಡಿತು. ಒಂದು ಕೆಮ್ಮು, ಅದರ ಹಿಂದೆ ಇನ್ನೊಂದು, ಕೊನೆಗೆ ಮೇಡಂ ಉಸಿರು ಸಿಕ್ಕದಷ್ಟು ಕೆಮ್ಮಿ ಬಗ್ಗಿಬಿಟ್ಟರು.

ಸವಾಲು ಮುಗಿಸಿ ಫಕೀರಪ್ಪನವರು ಕೆಳಗಿಳಿದು ಬಂದರು. ನಾನೂ ಹೊನ್ನವ್ವನೂ ಜನರ ಹಿಂದೆ ಉಳಿದಿದ್ದೆವು, ಅವರಿಗೆ ಮೇಡಂ ಯಾರೆಂದು ಗೊತ್ತಿಲ್ಲ. ಯಾರೋ ಹೊಸಬರು, ಘಾಟಿಗೆ ಸಿಕ್ಕಿ ಕಷ್ಟಪಡುತ್ತಿದ್ದಾರೆ, ಅಷ್ಟೇ. ಸೊಂಟದ ಸಂಚಿ ಬಿಚ್ಚಿ ಬೆರಳುದ್ದದ ಹಳದಿ ಬೇರಿನ ಚೂರು ತೆಗೆದು ಮುಂದೆ ಹಿಡಿದರು.

“ತಗೋರಿ ಅಕ್ಕಾರ, ದವಡ್ಯಾಗ ಇಟ್ಕೋರಿ. ಗಂಟಲಾ ಹಗುರ ಆಕ್ಕತಿ.”

ಮೇಡಂ ಕಣ್ಣೀರಿನ ನಡುವೆಯೇ ಅದನ್ನು ಬಾಯಿಗೆ ಹಾಕಿಕೊಂಡರು. ಮರುಗಳಿಗೆ ಅವರ ಮುಖ ನೋಡಬೇಕಿತ್ತು. ಕೆಮ್ಮು ನಿಂತಿತ್ತು. ನಾಲಿಗೆಯ ಮೇಲೆ ಸಿಹಿ ಹರಡಿದಂತೆ ಅವರ ಕಣ್ಣು ದೊಡ್ಡದಾಗುತ್ತ ಹೋಯಿತು.

“ಜೇಷ್ಠಮಧು,” ಅಂದರು ಮೆಲ್ಲಗೆ. “ಯಜ್ಜಾರ, ಇದನ್ನ ದಿನಾ ಇಟ್ಕೋತೀರೇನ್ರಿ?”

“ದಿನಾ ಅಂದ್ರ? ಹೊತ್ತು ಹುಟ್ಟಿ ಮುಳುಗೂತನಾ ಇರತೈತಿ. ಒಂದು ಸಪ್ಪಗಾತು ಅಂದ್ರ ಇನ್ನೊಂದು. ನಮ್ಮಪ್ಪನೂ ಸವಾಲು ಕೂಗಾವ, ಅವನ ದವಡ್ಯಾಗೂ ಇರ್ತಿತ್ತು. ಈಗ ವಯಸ್ಸಾತು, ಗಂಟಲಾ ಬ್ಯಾಗ ಒಡೀತೈತಿ, ಅದಕ್ಕ ಒಂದೆರಡು ಜಾಸ್ತಿ.”

“ಬ್ಯಾರೆ ಏನರ ತಗೋತೀರೇನು ಅಂತ ಪೆಟ್ಟಿಗಿ ಕೇಳಿದಾಗ ಇದನ್ನ ಹೇಳಿಲ್ಲಲ್ರೀ?”

ಫಕೀರಪ್ಪನವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಇದನ್ನ ತಿಂತಾರೇನ್ರಿ? ದವಡ್ಯಾಗ ಇಡತಾರ. ಶ್ರಾವಣ ಸ್ವಾಮಾರ ನಿಟ್ಟುಪವಾಸ ಇದ್ದಾಗೂ ನನ್ನ ಬಾಯಾಗ ಇರತೈತಿ. ಎಂದೂ ಉಪವಾಸ ಕೆಟ್ಟಿಲ್ಲ.”

ಅಲ್ಲಿ ಸವಾಲು ಕೂಗುವವರಿಗೆಲ್ಲ ಅದು ಹಾಗೆಯೇ. ಊಟವಲ್ಲ, ಔಷಧವಲ್ಲ, ಚಟವೂ ಅಲ್ಲ. ಅದರ ರಸ ದಿನವಿಡೀ ಒಳಗಿಳಿಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ವಾರ್ಡಿನಲ್ಲಿ ಕೂಗುವ ಕೆಲಸವಿಲ್ಲ, ಆದ್ದರಿಂದ ಬೇರೂ ಇಲ್ಲ. ಅದಕ್ಕೇ ಅಲ್ಲಿ ಗೆರೆಗಳು ನೆಟ್ಟಗಾಗಿದ್ದವು. ಚೂರು ಪಾರಿಗೆ ಏನೂ ಆಗದ ಬೇರು ಅದು. ದಿನವಿಡೀ ಚೀಪಿದರೆ ಮೈ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಬಿಟ್ಟುಕೊಡುತ್ತದೆ. ಇದನ್ನು ಮೇಡಂ ನನಗೆ ಆಮೇಲೆ ವಿವರಿಸಿದರು. ಆಗ ವಿವರಿಸಲು ಸಮಯವಿರಲಿಲ್ಲ. ಅವರು ಡಾಕ್ಟರಿಗೆ ಫೋನು ಹಚ್ಚುತ್ತಿದ್ದಾಗಲೇ ಫಕೀರಪ್ಪನವರು ಎದೆಯ ಮೇಲೆ ಕೈಯಿಟ್ಟುಕೊಂಡರು.

“ಯಾಕೋ ಎಲ್ಲಾ ಹಳದಿ ಹಳದಿ ಕಾಣಾಕತ್ತೈತಿ,” ಅಂದರು. ಕೆಂಪು ರಾಶಿಯ ಮೇಲೆ ಹಾಗೆಯೇ ಕುಸಿದರು.

ಹೊನ್ನವ್ವ ಕಿರುಚಿದ ಕಿರುಚಿಗೆ ಇಡೀ ಮಾರುಕಟ್ಟೆ ನಿಂತಿತು. ಕಡಗ ಕೆಂಪಾಗಿ ಮಿಣುಕುತ್ತಿತ್ತು, ಬಡಿತ ಒಂದು ಬಂದರೆ ಇನ್ನೊಂದು ಬರುತ್ತಿರಲಿಲ್ಲ. ಮಾರುಕಟ್ಟೆಯ ಬಾಗಿಲಲ್ಲೇ ನಿಲ್ಲುತ್ತಿದ್ದ ಆಂಬುಲೆನ್ಸ್ ರಾಶಿಗಳ ನಡುವೆ ದಾರಿ ಮಾಡಿಕೊಂಡು ಬಂತು. ಅದರೊಳಗೂ ಒಂದು ಯಂತ್ರ. ಕಡಗವನ್ನು ಓದಿದ್ದೇ ತಡ, ಮೈಯಲ್ಲಿ ನೀರು, ಏರಿದ ಒತ್ತಡ, ಉಬ್ಬಸ ಎಂದು ಲೆಕ್ಕ ಹಾಕಿ, ನೀರಿಳಿಸುವ ಚುಚ್ಚುಮದ್ದನ್ನು ತುಂಬಿ ನರ್ಸಿನ ಕೈಗೆ ಕೊಟ್ಟಿತು.

“ನಿಲ್ರಿ!” ಮೇಡಂ ಆಕೆಯ ಕೈ ಹಿಡಿದರು. “ತಡೆ. ನಾನು ಕಾವಲು ಕೋಣೆಯ ಫಾರ್ಮಸಿಸ್ಟ್.”

“ಉಬ್ಬಸ ಐತ್ರಿ ಮೇಡಂ! ಯಂತ್ರ ಸ್ಪಷ್ಟ ಹೇಳಾಕತ್ತೈತಿ!”

“ಯಂತ್ರಕ್ಕ ಅವರ ಬಾಯಾಗಿಂದು ಗೊತ್ತಿಲ್ಲ. ಇದನ್ನ ಚುಚ್ಚಿದ್ರ ಉಳದದ್ದೂ ಹೋಗಿ ಎದಿ ನಿಲ್ಲತೈತಿ.”

ಅವರ ಬೆರಳು ಆ ಯಂತ್ರದ ತಡೆಯ ಗುಂಡಿಯನ್ನು ಒತ್ತಿತು. ಲೆಕ್ಕ ತಪ್ಪಿದರೆ ಈ ಮನುಷ್ಯ ಇಲ್ಲೇ, ಹೆಂಡತಿಯ ಕಣ್ಣ ಮುಂದೆ, ನೀರು ತುಂಬಿ ಹೋಗುತ್ತಾರೆ. ಅದು ಮೇಡಂಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒತ್ತಿದರು. ಧೈರ್ಯವೆಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಗುಂಡಿಯ ಮೇಲಿದ್ದ ಆ ಬೆರಳನ್ನು ನೆನೆಯುತ್ತೇನೆ.

ಆಂಬುಲೆನ್ಸ್ ಹೊರಟ ಮೇಲೂ ಕೆಲಸ ಮುಗಿದಿರಲಿಲ್ಲ. ಮನೆಯ ಪೆಟ್ಟಿಗೆ, ಆಂಬುಲೆನ್ಸಿನ ಯಂತ್ರ, ಆಸ್ಪತ್ರೆಯ ತುರ್ತು ಕೋಣೆಯ ಯಂತ್ರ, ಮೂರಕ್ಕೂ ಒಂದೇ ಕಡಗದ ಅಂಕಿ ಹೋಗುತ್ತದೆ. ಆದರೆ ಒಂದಕ್ಕೆ ಹಾಕಿದ ತಡೆ ಇನ್ನೊಂದಕ್ಕೆ ತಲುಪುವುದಿಲ್ಲ. ಇದನ್ನು ಕಟ್ಟಿದ ಜಾಣರು ಯಾರೋ ನನಗೆ ಗೊತ್ತಿಲ್ಲ, ಸಿಕ್ಕರೆ ಎರಡು ಮಾತು ಆಡುವುದಿದೆ. ದೊಡ್ಡಾಸ್ಪತ್ರೆಯ ಯಂತ್ರವೂ ಅಷ್ಟರಲ್ಲಿ ಅದೇ ಚುಚ್ಚುಮದ್ದನ್ನು ತುಂಬಿಟ್ಟುಕೊಂಡು ಕಾಯುತ್ತಿತ್ತು. ಮೇಡಂ ಒಂದು ಕೈಯಲ್ಲಿ ಫಕೀರಪ್ಪನವರ ಕೈ, ಇನ್ನೊಂದರಲ್ಲಿ ಫೋನು ಹಿಡಿದು ಕೂತಿದ್ದರು.

“ಸರ್, ಕಾರಣ ಸಿಕ್ತು. ಜೇಷ್ಠಮಧು. ದಿನಾ ಪೂರ್ತಿ ಚೀಪ್ಯಾರ, ವರ್ಷಗಟ್ಲೆ. ನೀರೂ ಅದರಿಂದ, ಒತ್ತಡನೂ ಅದರಿಂದ, ಪೊಟ್ಯಾಸಿಯಂ ಹೋದದ್ದೂ ಅದರಿಂದ. ಈಗ ಬಡಿತದ ಔಷಧ ವಿಷ ಆಗೈತಿ, ಕಣ್ಣಿಗೆ ಎಲ್ಲಾ ಹಳದಿ ಕಾಣತೈತಿ ಅಂದ್ರು. ನಿಮ್ಮ ಕೋಣೆ ಯಂತ್ರಕ್ಕೂ ತಡೆ ಹಾಕ್ರಿ.”

ಡಾಕ್ಟರ ದನಿ ಬಂತು. “ಹಾಕೀನಿ. ಮುಂದ ಹೇಳ್ರಿ.”

“ಬಡಿತದ ಔಷಧಕ್ಕ ಪ್ರತಿವಿಷ ಬೇಕು. ಆದ್ರ ಅದನ್ನ ಕೊಟ್ಟ ಕೂಡ್ಲೆ ಪೊಟ್ಯಾಸಿಯಂ ಇನ್ನೂ ಇಳೀತೈತಿ. ಅದಕ್ಕ ಮೊದಲು ಪೊಟ್ಯಾಸಿಯಂ ಹಚ್ಚೂಣು, ರಕ್ತನಾಳದಾಗ, ನಿಧಾನಕ್ಕ. ನಾವು ಗಾಡ್ಯಾಗ ಶುರು ಮಾಡ್ತೀವಿ. ಪ್ರತಿವಿಷ ದವಾಖಾನಿ ಔಷಧ ವಿಭಾಗದ ತಣ್ಣನ ಕಪಾಟಿನಾಗ ಐತಿ. ಎಡಗಡಿ, ಮ್ಯಾಲಿನ ಅರಿ. ಕಲಸಾಕ ಹೊತ್ತು ಹಿಡೀತೈತಿ, ಈಗ ತೆಗಸ್ರಿ.”

“ತೆಗಸಾಕತ್ತೀನಿ. ಬರ್ರಿ ನೀವು. ನಾ ಬಾಗಲದಾಗ ಇರ್ತೀನಿ.”

ನಿಜವಾಗಿಯೂ ಅವರು ಬಾಗಿಲಲ್ಲೇ ನಿಂತಿದ್ದರು. ಮುಂದಿನದನ್ನು ನಾನು ಗಾಜಿನ ಆಚೆಯಿಂದ ನೋಡಿದೆ. ಡಾಕ್ಟರು ಎದೆಯ ಗೆರೆ ನೋಡುತ್ತ ಒಂದು ಮಾತು ಹೇಳುವರು, ಮೇಡಂ ಅಳತೆ ಹೇಳುವರು, ನರ್ಸು ಕೊಡುವರು. ಯಾರೂ ದನಿ ಏರಿಸಲಿಲ್ಲ. ಹೊನ್ನವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು. ಮಿಣಮಿಣ ಹಾರುತ್ತಿದ್ದ ಗೆರೆ ಮೊದಲು ಗೊಂದಲ ಬಿಟ್ಟಿತು, ಆಮೇಲೆ ತಾಳಕ್ಕೆ ಬಂತು. ಡಾಕ್ಟರು ಹೊರಗೆ ಬಂದು ಹೊನ್ನವ್ವನಿಗೆ, “ಉಳದಾರ್ರಿ,” ಅಂದರು. ಮೇಡಂ ಕಡೆ ತಿರುಗಿ, “ನೀವು ಮನಿಗೆ ಹೋಗಿ ನೋಡದಿದ್ರ ನಾಳೆ ನಾ ಮಿತಿ ಏರಿಸ್ತಿದ್ದೆ,” ಅಂದರು. ಅದನ್ನು ಎಲ್ಲರ ಮುಂದೆ ಹೇಳುವಷ್ಟು ದೊಡ್ಡ ಮನಸ್ಸು ಅವರಿಗಿತ್ತು.

ಫಕೀರಪ್ಪನವರು ಎದ್ದು ಕೂತ ದಿನ ಮೇಡಂ ಅವರಿಗೆ ಎಲ್ಲವನ್ನೂ ತಿಳಿಸಿ ಹೇಳಿದರು. ಬೈಯಲಿಲ್ಲ. ಕೇಳಿದ ಮೇಲೆ ಫಕೀರಪ್ಪನವರ ಕೈ ಸಂಚಿಯಿಲ್ಲದ ಸೊಂಟಕ್ಕೆ ಹೋಯಿತು.

“ಅಂದ್ರ ಇನ್ನ ಅದನ್ನ ಇಡೂ ಹಂಗಿಲ್ಲ.”

“ಇಲ್ರಿ ಯಜ್ಜಾರ.”

“ಅದು ಇಲ್ಲಂದ್ರ ದನಿ ಇಲ್ರಿ ನಂಗ. ದನಿ ಇಲ್ಲಂದ್ರ ನಾ ಯಾತಕ್ಕ ಬರ್ತೀನಿ? ಜೀವಾ ಉಳಿಸಿದ್ರಿ, ದೊಡ್ಡ ಉಪಕಾರ. ಆದ್ರ ಬದುಕಿ ಏನ್ ಮಾಡ್ಲಿ?”

ಬೇರೆ ಯಾರಾದರೂ ಆಗಿದ್ದರೆ, ಬದುಕಿದ್ದೇ ಪುಣ್ಯ, ಸುಮ್ಮನೆ ಇರಿ ಎನ್ನುತ್ತಿದ್ದರು. ನಾನೇ ಹಾಗೆ ಅನ್ನಲು ಬಾಯಿ ತೆರೆದಿದ್ದೆ. ಮೇಡಂ ಸ್ವಲ್ಪ ಯೋಚಿಸಿ, “ನನಗ ಸ್ವಲ್ಪ ದಿನಾ ಕೊಡ್ರಿ,” ಅಂದರು.

ಆ ಬೇರಿನಲ್ಲಿ ನೂರೆಂಟು ಅಂಶಗಳಿವೆ, ತೊಂದರೆ ಕೊಡುವುದು ಮುಖ್ಯವಾಗಿ ಒಂದು ಅಂತ ಅವರು ನನಗೆ ದಾರಿಯಲ್ಲಿ ಹೇಳಿದರು. ಆ ಒಂದನ್ನು ತೆಗೆದು ಉಳಿದದ್ದನ್ನು ಗಂಟಲಿಗೆ ಬಿಡಲು ಬರುತ್ತದೆ. ಔಷಧ ವಿಭಾಗದ ಪ್ರಯೋಗಾಲಯದಲ್ಲಿ ಬೇರಿನ ಸಾರ ತೆಗೆದು, ಆ ಅಂಶವನ್ನು ಸೋಸಿ, ಉಳಿದಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದರು. ಅದರ ಜೊತೆ ಗಂಟಲು ಒಣಗದ ಅಂಟು ಸೇರಿಸಿ ಬಿಲ್ಲೆ ಮಾಡುವ ಕೆಲಸ ನನ್ನದು. ಗುಳಿಗೆ ಒತ್ತುವ ಪೆಟ್ಟಿಗೆಯಲ್ಲಿ ಚೀಪುವ ಬಿಲ್ಲೆ ಒತ್ತಿಸುವುದೆಂದರೆ ತಮಾಷೆಯಲ್ಲ. ಮೊದಲ ಬಿಲ್ಲೆ ಕಲ್ಲಾಯಿತು, ಎರಡನೆಯದು ಅಂಟಂಟಾಗಿ ಯಂತ್ರದ ಬಾಯಿಗೇ ಮೆತ್ತಿಕೊಂಡಿತು. ನಾನು ಶಪಿಸಿದೆ, ಮೇಡಂ ನಕ್ಕರು, ಮತ್ತೆ ಮಾಡಿದೆವು, ಕೊನೆಗೆ ಚೀಪುವಂಥ ಬಿಲ್ಲೆ ಬಂತು. ಡಾಕ್ಟರು ಮಿತಿ ಹಾಕಿಕೊಟ್ಟರು. ಬಡಿತದ ಔಷಧದ ಅಳತೆ ಇಳಿಯಿತು, ನೀರಿಳಿಸುವುದು ಅರ್ಧಕ್ಕೂ ಕಡಿಮೆಯಾಯಿತು.

ಇದರ ನಡುವೆ ಯಂತ್ರದ ಕಂಪನಿಯವರು ಬಂದು, ಜೇಷ್ಠಮಧುವನ್ನೂ ಪ್ರಶ್ನೆಗಳಲ್ಲಿ ಸೇರಿಸುತ್ತೇವೆ ಎಂದರು. ಸೇರಿಸಿ ಅಂದರು ಮೇಡಂ. ಆದರೆ ಮುಂದಿನ ಸಲ ಅದು ಜೇಷ್ಠಮಧು ಆಗಿರುವುದಿಲ್ಲ, ಒಬ್ಬರು ಹೋಗಿ ಜನ ದುಡಿಯುವ ಜಾಗದಲ್ಲಿ ನಿಲ್ಲಬೇಕು ಎಂದೂ ಅಂದರು. ಈಗ ಕಾವಲು ಕೋಣೆಯ ಫಾರ್ಮಸಿಸ್ಟರು ವಾರದಲ್ಲಿ ಕೆಲವು ದಿನ ಹೊರಗಿರುತ್ತಾರೆ. ಇಟ್ಟಂಗಿ ಭಟ್ಟಿಗೆ, ಮಗ್ಗದ ಮನೆಗೆ, ಹತ್ತಿ ಹೊಲಕ್ಕೆ ಹೋಗಿ ಕೂತು ಮಜ್ಜಿಗೆ ಕುಡಿದು ಮಾತಾಡಿಸಿ ಬರುತ್ತಾರೆ. ನನ್ನ ಗಾಡಿಗೆ ಬಿಡುವಿಲ್ಲ.

ಫಕೀರಪ್ಪನವರು ಮತ್ತೆ ಸವಾಲು ಕೂಗಲು ಹೋದ ದಿನ ನಾವು ಹೋಗಲಾಗಲಿಲ್ಲ. ಕೋಣೆಯಲ್ಲಿ ಕೆಲಸ ತಲೆಯ ಮೇಲೆ ಬಿದ್ದಿತ್ತು. ಮೇಡಂ ಮಾತ್ರ ಪರದೆಯ ಮೂಲೆಯಲ್ಲಿ ಅವರ ಕಡಗವನ್ನು ತೆರೆದಿಟ್ಟುಕೊಂಡಿದ್ದರು. ಬೇರೆಯವರ ಗುಳಿಗೆ ನೋಡುವರು, ಸೈ ಅನ್ನುವರು, ಕಣ್ಣು ಮತ್ತೆ ಮೂಲೆಗೆ ಹೋಗುವುದು. ಪೊಟ್ಯಾಸಿಯಂ ಸರಿಯಾಗಿತ್ತು. ಒತ್ತಡ ಸರಿಯಾಗಿತ್ತು. ಎದೆಬಡಿತ ಇದ್ದಕ್ಕಿದ್ದಂತೆ ಏರತೊಡಗಿತು. ಮೇಡಂ ಕುರ್ಚಿಯಿಂದ ಅರ್ಧ ಎದ್ದರು.

“ಕೂಗಾಕತ್ತಾರೋ, ಬಿದ್ದಾರೋ? ಮಕ್ತುಮ್, ಫೋನ್ ಹಚ್ಚು!”

ಹಚ್ಚಿದೆ. ಹೊನ್ನವ್ವ ಎತ್ತಿದವರೇ ಫೋನನ್ನು ಸವಾಲಿನ ಕಡೆ ಹಿಡಿದುಬಿಟ್ಟರು. ಗದ್ದಲದ ಮೇಲೆ ಒಂದು ದನಿ ಎದ್ದು ಬಂತು. ಮೊದಲಿನಷ್ಟು ಗಟ್ಟಿಯಿರಲಿಲ್ಲ, ನಡುವೆ ಒಂದು ಕಡೆ ಒಡೆಯಿತು ಕೂಡ. ದನಿ ಮತ್ತೆ ಎದ್ದಿತು.

“ಒಂದ್ವಾರ... ಎರಡ್ವಾರ... ಯಾಕ್ರೆಪಾ, ನಾ ಸಾಯಲಿಲ್ಲ ಅಂತ ಬ್ಯಾಸರಾತೇನು, ಕೈ ಎತ್ತವಲ್ರಿ? ಮೂರ್ವಾರ!”

ಮಾರುಕಟ್ಟೆಯೆಲ್ಲ ಘೊಳ್ಳೆಂದು ನಕ್ಕಿತು. ನಮ್ಮ ಪರದೆಯ ಮೇಲೆ ಏರಿದ ಬಡಿತ ಒಂದೊಂದೇ ಮೆಟ್ಟಿಲು ಇಳಿದು ತನ್ನ ಜಾಗಕ್ಕೆ ಬಂದು ನಿಂತಿತು.

“ಕೇಳಿದ್ರೇನ್ರಿ ಮೇಡಮ್ಮಾರ?” ಹೊನ್ನವ್ವ ಕೇಳಿದರು. “ಇವತ್ತಿಗೆ ಸಾಕು, ಮನಿಗೆ ನಡೀರಿ ಅಂದ್ರ ನನ್ನ ಮಾತು ಕೇಳವಲ್ರು. ನೀವ ಹೇಳ್ರಿ. ತಡೀರಿ, ಅವರಿಗೆ ಕೊಡ್ತೀನಿ.”

ಫೋನು ಕೈ ಬದಲಿಸಿತು. ಏದುಸಿರು ಕೇಳಿಸಿತು. “ಹೇಳ್ರಿ ಅಕ್ಕಾರ.”

ಮೂರು ಯಂತ್ರಗಳನ್ನು ಒಂದೇ ಮಾತಿಗೆ ನಿಲ್ಲಿಸಿದ ಹೆಣ್ಣುಮಗಳು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

“ಅಕ್ಕಾರ? ಅದೀರೇನ್ರಿ?”

“ಅದೀನ್ರಿ ಯಜ್ಜಾರ,” ಅಂದರು ದಾಕ್ಷಾಯಿಣಿ ಮೇಡಂ. “ಇಲ್ಲೇ ಅದೀನಿ.”